ಎಫ್‌ಎಸ್‌ಎಲ್ ವರದಿಯನ್ನು ಕೊನೆಯ ಸಾಲಿನಿಂದ ಓದಬೇಡಿ

ಕೊಲೆ ಕೇಸಿನ ದೋಷಾರೋಪ ಪಟ್ಟಿಗೆ ಲಗತ್ತಾಗಿ ಬರುವ ವಿಧಿವಿಜ್ಞಾನ ಪ್ರಯೋಗಾಲಯದ, ಅಂದರೆ ಎಫ್‌ಎಸ್‌ಎಲ್ ವರದಿ ಬಹಳವಾದರೆ ಮೂರ್ನಾಲ್ಕು ಹಾಳೆ ಇರುತ್ತದೆ. ಮೊದಲು ಠಾಣೆಯ ಹೆಸರು, ಅಪರಾಧ ಸಂಖ್ಯೆ, ಬಂದ ವಸ್ತುಗಳ ಪಟ್ಟಿ, ಮೊಹರಿನ ವಿವರ. ಕೊನೆಗೆ ಅಭಿಪ್ರಾಯ: ‘ವಸ್ತು 3, 5 ಮತ್ತು 7ರ ಮೇಲೆ ಮಾನವ ರಕ್ತ ಕಂಡುಬಂದಿದೆ, ಗುಂಪು ಓ.’ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಯಾವ ಕೋರ್ಟಿಗೆ ಹೋದರೂ ವಾದವೆಲ್ಲ ಈ ಕೊನೆಯ ಸಾಲನ್ನೇ ಹಿಡಿದು ನಡೆಯುತ್ತದೆ. ಪೇಪರಿನಲ್ಲಿ ಬರುವುದೂ ಅದೇ ಸಾಲು. ಆ ಸಾಲು ಎಷ್ಟು ಗಟ್ಟಿ ಎಂದು ತೋರಿಸುವ ಸಂಗತಿಗಳು ಮಾತ್ರ ಅದರ ಹಿಂದಿನ ಹಾಳೆಗಳಲ್ಲಿ, ಅದಕ್ಕೂ ಹಿಂದೆ ಠಾಣೆಯ ರಿಜಿಸ್ಟರಿನಲ್ಲಿ, ಅದಕ್ಕೂ ಹಿಂದೆ ಕೃತ್ಯ ನಡೆದ ಹೊಲದಲ್ಲೋ ಮನೆಯಲ್ಲೋ ಇರುತ್ತವೆ.

ಲ್ಯಾಬಿನ ಯಂತ್ರ ತನ್ನ ಕೈಗೆ ಬಂದ ಮಾದರಿಯ ಬಗ್ಗೆ ಮಾತ್ರ ಹೇಳಬಲ್ಲದು. ಆ ಮಾದರಿ ಆ ಜಾಗದ್ದೇ, ಆ ಮನುಷ್ಯನದ್ದೇ, ದಾರಿಯಲ್ಲಿ ಕೆಟ್ಟಿಲ್ಲ, ಬೇರೆಯದರ ಜೊತೆ ಬೆರೆತಿಲ್ಲ ಎಂಬುದನ್ನು ಪೊಲೀಸರು, ಪಂಚರು, ಕಾಗದಪತ್ರಗಳು ಸಾಬೀತು ಮಾಡಬೇಕು. ಇದನ್ನು ಆರೋಪಿಯ ಪರ ವಕೀಲರ ತಕರಾರು ಎಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಹಸಿ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದರೆ ನಿರಪರಾಧಿ ಸಿಕ್ಕಿಬೀಳಬಹುದು, ನಿಜವಾದ ಕೊಲೆಗಾರ ಬಿಡುಗಡೆಯೂ ಆಗಬಹುದು. ಮಗಳನ್ನು ಕಳೆದುಕೊಂಡ ಮನೆಗೂ ಜೈಲಿನಲ್ಲಿ ಕುಳಿತ ಮಗನ ಮನೆಗೂ ಆ ಚೀಲ ಸಮನಾಗಿ ಮುಖ್ಯ.

2024ರ ಜುಲೈ 1ರಿಂದ ಕಾನೂನು ಬದಲಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3) ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಕಲಂ 105 ಶೋಧ ಮತ್ತು ಜಪ್ತಿಯ ವಿಡಿಯೊವನ್ನು ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ ಸೋಕೋ ಎಂದು ಕರೆಯುವ ಸ್ಥಳ ಪರಿಶೀಲನಾ ಅಧಿಕಾರಿಗಳೂ ಈಗ ಇದ್ದಾರೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೂ ಹಳ್ಳಿಯಲ್ಲಿ ನಸುಕಿನಲ್ಲಿ ಹೆಣ ಕಂಡಾಗ ಮೊದಲು ತಲುಪುವವರು ಬೀಟ್ ಪೊಲೀಸರು. ಅವರಿಗಿಂತ ಮೊದಲೇ ಅರ್ಧ ಊರು ಅಲ್ಲಿ ಓಡಾಡಿರುತ್ತದೆ.

ನೆಲದ ಮೇಲಿನ ರಕ್ತದಿಂದ ಶುರು ಮಾಡೋಣ. ನವಲಗುಂದ, ನರಗುಂದ, ರೋಣದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬಿದ್ದ ರಕ್ತ ಡಿಎನ್‌ಎ ಪರೀಕ್ಷೆಗೆ ಕಷ್ಟದ ವಸ್ತು. ಮಣ್ಣಿನೊಳಗಿನ ಹ್ಯೂಮಿಕ್ ಆಮ್ಲ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತುಂಡರಿಸುತ್ತದೆ. ಅದಕ್ಕೇ ಅಕ್ಕಪಕ್ಕದ ಕಲ್ಲು, ಒಣ ದಂಟು, ಎಲೆಯ ಮೇಲೆ ರಕ್ತವಿದ್ದರೆ ಮೊದಲು ಅದನ್ನು ಎತ್ತಬೇಕು. ಮಣ್ಣನ್ನೇ ತೆಗೆಯಬೇಕಾದರೆ ಮೇಲಿನ ರಕ್ತದ ಹೆಪ್ಪನ್ನಷ್ಟೇ ಸ್ವಚ್ಛ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಸಲಿಕೆಯಿಂದ ಅರ್ಧ ಕಿಲೋ ಬಾಚಿದರೆ ರಕ್ತ ಕಡಿಮೆ, ತಡೆಯುವ ಮಣ್ಣೇ ಹೆಚ್ಚು ಲ್ಯಾಬಿಗೆ ಹೋಗುತ್ತದೆ. ಪಂಚನಾಮೆಯಲ್ಲಿ ‘ರಕ್ತಮಿಶ್ರಿತ ಮಣ್ಣು’ ಮತ್ತು ‘ಸಾದಾ ಮಣ್ಣು’ ಎಂದು ಎರಡು ಪೊಟ್ಟಣ ಬರೆಯುವ ರೂಢಿ ಸರಿಯಾಗಿಯೇ ಇದೆ. ಪರೀಕ್ಷೆಗೆ ಅಡ್ಡಿಯಾದದ್ದು ಮಣ್ಣೇ ಎಂದು ತಿಳಿಯಲು, ಮಣ್ಣಿನಿಂದಲೇ ಬಣ್ಣ ಬಂತೇ ಎಂದು ನೋಡಲು ಆ ಸಾದಾ ಮಣ್ಣು ಬೇಕು. ಅದನ್ನು ಅದೇ ಜಾಗದ ಹತ್ತಿರದಿಂದ, ಬೇರೆ ಬ್ಲೇಡಿನಿಂದ ತೆಗೆದಿರಬೇಕು. ರಕ್ತದ ಮಣ್ಣು ತೆಗೆದ ಬ್ಲೇಡನ್ನೇ ಒರೆಸಿ ಬಳಸಿದರೆ ಸಾದಾ ಮಣ್ಣಿನಲ್ಲೂ ರಕ್ತ ಸಿಗುತ್ತದೆ. ಆಮೇಲೆ ಎರಡೂ ಪೊಟ್ಟಣ ಕೆಲಸಕ್ಕೆ ಬರುವುದಿಲ್ಲ.

ಬಟ್ಟೆಯ ವಿಷಯ ಇನ್ನೂ ಸೂಕ್ಷ್ಮ. ರಕ್ತ ಹತ್ತಿದ ಅಂಗಿ, ಸೀರೆ, ಪಂಚೆಯನ್ನು ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ಸ್ವಚ್ಛ ಕಾಗದದ ಮೇಲೆ ಒಂದೊಂದಾಗಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಅತಿನೇರಳೆ ಕಿರಣ ಡಿಎನ್‌ಎಯನ್ನು ಹಾಳುಮಾಡುತ್ತದೆ. ಒಣಗಿದ ಮೇಲೆ ಮಡಿಕೆಗಳ ನಡುವೆ ಕಾಗದ ಇಟ್ಟು, ಕಾಗದದ ಚೀಲದಲ್ಲೇ ಹಾಕಬೇಕು. ಪ್ಲಾಸ್ಟಿಕ್ ಚೀಲದೊಳಗೆ ತೇವ ಹೊರಗೆ ಹೋಗಲಾರದು, ಬೂಷ್ಟು ಹಿಡಿಯುತ್ತದೆ. ಕಲಘಟಗಿ, ಹಾನಗಲ್ಲಿನಂಥ ಮಲೆನಾಡಿನ ಸೆರಗಿನ ಊರುಗಳಲ್ಲಿ ಜುಲೈ ತಿಂಗಳಲ್ಲಿ ಹಸಿ ಬಟ್ಟೆ ಕೆಡಲು ಬಹಳ ದಿನ ಬೇಕಿಲ್ಲ. ಇದಕ್ಕಿಂತ ದೊಡ್ಡ ತಪ್ಪು, ಸತ್ತವನ ಬಟ್ಟೆಯನ್ನೂ ಆರೋಪಿಯ ಬಟ್ಟೆಯನ್ನೂ ಒಂದೇ ಮೇಜಿನ ಮೇಲೆ, ಒಂದೇ ಕೈಯಿಂದ, ಒಂದಾದ ಮೇಲೊಂದು ಕಟ್ಟುವುದು. ಒಂದರ ರಕ್ತದ ಪುಡಿ ಇನ್ನೊಂದಕ್ಕೆ ಹತ್ತಿದರೆ ಪ್ರಯೋಗಾಲಯ ಎಷ್ಟೇ ಎಚ್ಚರದಿಂದ ಪರೀಕ್ಷಿಸಿದರೂ ಉತ್ತರ ತಪ್ಪೇ ಬರುತ್ತದೆ. ಈ ತಪ್ಪು ವರದಿಯಲ್ಲಿ ಕಾಣುವುದಿಲ್ಲ, ಜಪ್ತಿ ಪಂಚನಾಮೆಯ ವೇಳೆ ಮತ್ತು ಜಾಗವನ್ನು ಹೋಲಿಸಿ ನೋಡಿದರೆ ಮಾತ್ರ ಸುಳಿವು ಸಿಗುತ್ತದೆ.

ಕುಡಗೋಲು, ಕೊಡಲಿಯಂಥ ಆಯುಧದಲ್ಲಿ ಎರಡು ಪ್ರಶ್ನೆಗಳಿಗೆ ಎರಡು ಜಾಗಗಳಿಂದ ಉತ್ತರ ಸಿಗುತ್ತದೆ. ಹೊಡೆಸಿಕೊಂಡವನ ರಕ್ತ ಅಲಗಿನ ಮೇಲೆ ಹಾಗೂ ಅಲಗು ಹಿಡಿಕೆಯೊಳಗೆ ಸೇರುವ ಸಂದಿನಲ್ಲಿ ಇರುತ್ತದೆ. ತೊಳೆದ ಆಯುಧದಲ್ಲೂ ಆ ಸಂದಿನಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಹಿಡಿದವನ ಚರ್ಮದ ಕೋಶಗಳು ಹಿಡಿಕೆಯ ಮೇಲೆ ಇರುತ್ತವೆ. ಹಿಡಿಕೆಯಿಂದ ಸ್ವಾಬ್ (ಹತ್ತಿಯ ಕಡ್ಡಿಯಿಂದ ಒರೆಸಿದ ಮಾದರಿ) ತೆಗೆಯದೆ ಅಲಗಿನ ರಕ್ತವನ್ನಷ್ಟೇ ಪರೀಕ್ಷಿಸಿದರೆ ‘ಈ ಕುಡಗೋಲಿನಿಂದ ಹೊಡೆದಿದ್ದಾರೆ’ ಎನ್ನಬಹುದು, ‘ಇವನೇ ಹೊಡೆದ’ ಎನ್ನಲು ಬರುವುದಿಲ್ಲ.

ಸ್ವಾಬ್‌ಗೂ ಒಂದು ಎಚ್ಚರಿಕೆ. ಕ್ರಿಮಿಮುಕ್ತ ಎಂದರೆ ಡಿಎನ್‌ಎ-ಮುಕ್ತ ಎಂದಲ್ಲ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಹತ್ತಾರು ಅಪರಾಧಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕು, ಪೊಲೀಸರು ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ಗೊತ್ತಾಯಿತು: ಅದು ಹತ್ತಿಯ ಕಡ್ಡಿ ತಯಾರಿಸುವ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳದು. ಆದ್ದರಿಂದ ಪ್ರತಿ ಜಾಗದಲ್ಲೂ ಏನನ್ನೂ ಒರೆಸದ ಒಂದು ಖಾಲಿ ಸ್ವಾಬನ್ನೂ ಕಂಟ್ರೋಲ್, ಅಂದರೆ ಹೋಲಿಕೆಯ ಮಾದರಿ, ಎಂದು ಕಳಿಸಬೇಕು. ಅದರಲ್ಲೂ ಡಿಎನ್‌ಎ ಬಂದರೆ ಉಳಿದವುಗಳನ್ನು ನಂಬುವಂತಿಲ್ಲ.

ಇನ್ನು ಮೊಹರು. ಅರಗು ಕರಗಿಸಿ ಒತ್ತಿದ ಮೊಹರಿನ ಮಾದರಿಯನ್ನು ಬೇರೆ ಕಾಗದದ ಮೇಲೆ ಒತ್ತಿ, ಮುದ್ದೆಮಾಲಿನ (ಜಪ್ತಿಯಾದ ವಸ್ತುಗಳ) ಜೊತೆ ಕಟ್ಟದೆ ಪ್ರತ್ಯೇಕವಾಗಿ ಲ್ಯಾಬಿಗೆ ಕಳಿಸಬೇಕು. ವರದಿಯಲ್ಲಿ ‘ಮೊಹರುಗಳು ಸುಸ್ಥಿತಿಯಲ್ಲಿದ್ದು ಮಾದರಿ ಮೊಹರಿಗೆ ತಾಳೆಯಾಗಿವೆ’ ಎಂಬ ಸಾಲು ಇದೆಯೇ ನೋಡಿ. ಇದ್ದರೂ ಮೊಹರಿನ ಹಿತ್ತಾಳೆ ಅಚ್ಚು ತನಿಖಾಧಿಕಾರಿಯ ಮೇಜಿನ ಡ್ರಾವರಿನಲ್ಲೇ ಇತ್ತು ಎಂದಾದರೆ ಆ ಸಾಲಿನ ಬೆಲೆ ಕಡಿಮೆ. ಅಚ್ಚು ಕೈಯಲ್ಲಿರುವವರು ಪೊಟ್ಟಣ ಬಿಚ್ಚಿ ಮತ್ತೆ ಅದೇ ಮೊಹರು ಹಾಕಬಹುದು. ಅಚ್ಚನ್ನು ಪಂಚರಿಗೋ ಬೇರೆ ಅಧಿಕಾರಿಗೋ ಒಪ್ಪಿಸಿದ ದಾಖಲೆ ಕೇಳುವುದು ಅದಕ್ಕಾಗಿ.

ಮೊಹರಿಗಿಂತ ಮುಖ್ಯವಾದದ್ದು ತಾರೀಖು. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ವಸ್ತು ಜಪ್ತಿಯಾದ ದಿನ ಮತ್ತು ಗಂಟೆ, ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್ ಹಾಕಿ ಮ್ಯಾಜಿಸ್ಟ್ರೇಟರಿಗೆ ಕಳಿಸಿದ ದಿನ, ಮುದ್ದೆಮಾಲು ಕೋಣೆಯಿಂದ ಹೊರಬಿದ್ದ ದಿನ, ಒಯ್ದ ಕಾನ್‌ಸ್ಟೆಬಲ್ಲರ ಹೆಸರು, ಲ್ಯಾಬಿನ ಸ್ವೀಕೃತಿಯ ದಿನ, ಪೊಟ್ಟಣ ಬಿಚ್ಚಿದ ದಿನ, ವರದಿಯ ದಿನ. ಒಯ್ದ ಕಾನ್‌ಸ್ಟೆಬಲ್ಲರ ಹೆಸರು ಸಾಕ್ಷಿಪಟ್ಟಿಯಲ್ಲಿ ಇಲ್ಲದಿದ್ದರೆ ಸರಪಳಿಯ ಒಂದು ಕೊಂಡಿ ಕಾಣೆಯಾಗಿದೆ ಎಂದರ್ಥ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಹತ್ತೊಂಬತ್ತು ವರ್ಷದ ಯುವತಿಯ ಮೇಲೆ ಅತ್ಯಾಚಾರ ಎಸಗಿ ಕೊಂದ ಆರೋಪಕ್ಕೆ ಮೂವರಿಗೆ ಗಲ್ಲುಶಿಕ್ಷೆಯಾಗಿತ್ತು. ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಮೂವರನ್ನೂ ಬಿಡುಗಡೆ ಮಾಡಿತು. 2012ರ ಫೆಬ್ರುವರಿ ಮಧ್ಯದಲ್ಲಿ ತೆಗೆದ ಮಾದರಿಗಳು 27ರಂದು ಲ್ಯಾಬಿಗೆ ಹೋಗುವವರೆಗೆ ಠಾಣೆಯ ಮುದ್ದೆಮಾಲು ಕೋಣೆಯಲ್ಲೇ ಇದ್ದವು, ಅವುಗಳನ್ನು ತಿರುಚಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಡಿಎನ್‌ಎ ವರದಿಯ ಆಧಾರವೇನು, ತಂತ್ರವನ್ನು ಸರಿಯಾಗಿ ಬಳಸಲಾಗಿತ್ತೇ ಎಂಬುದನ್ನು ಕೆಳಗಿನ ಎರಡೂ ನ್ಯಾಯಾಲಯಗಳು ನೋಡಿಲ್ಲ ಎಂದೂ ಕೋರ್ಟ್ ಹೇಳಿತು. ಆ ಹುಡುಗಿಯ ತಂದೆತಾಯಿಗೆ ಹತ್ತು ವರ್ಷದ ನಂತರ ಸಿಕ್ಕಿದ್ದು ಇಷ್ಟು. ಅದಕ್ಕೇ ಈ ತಾರೀಖುಗಳು ತಾಂತ್ರಿಕ ವಿವರ ಎಂದು ಯಾರಾದರೂ ಹೇಳಿದರೆ ಒಪ್ಪಲಾಗುವುದಿಲ್ಲ.

2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿದೆ. ಮಾದರಿ ತೆಗೆದ 48 ಗಂಟೆಯೊಳಗೆ ಅದು ಲ್ಯಾಬ್ ತಲುಪುವಂತೆ ತನಿಖಾಧಿಕಾರಿ ನೋಡಿಕೊಳ್ಳಬೇಕು, ತಡವಾದರೆ ಕಾರಣ ಬರೆಯಬೇಕು. ವಿಚಾರಣಾ ನ್ಯಾಯಾಲಯದ ಅಪ್ಪಣೆ ಇಲ್ಲದೆ ಪೊಟ್ಟಣವನ್ನು ತೆರೆಯುವಂತಿಲ್ಲ, ಮತ್ತೆ ಮೊಹರು ಹಾಕುವಂತಿಲ್ಲ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ರಿಜಿಸ್ಟರ್ ಇಟ್ಟು ಅದನ್ನು ಕೋರ್ಟಿನ ಕಡತಕ್ಕೆ ಸೇರಿಸಬೇಕು. ಈ ತೀರ್ಪಿನ ನಂತರದ ಕೇಸಾಗಿದ್ದರೆ ಮೊದಲು ಕೇಳಬೇಕಾದದ್ದು ಈ ರಿಜಿಸ್ಟರನ್ನು.

ಲ್ಯಾಬಿನೊಳಗೆ ರಕ್ತಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಪ್ರಾಥಮಿಕ ಬಣ್ಣದ ಪರೀಕ್ಷೆ. ಕಲೆಯನ್ನು ಫಿಲ್ಟರ್ ಪೇಪರಿನಿಂದ ಒರೆಸಿ, ಫಿನಾಲ್ಫ್‌ಥಲೀನ್ ದ್ರಾವಣ ಹಾಕಿ, ಕೆಲವು ಸೆಕೆಂಡು ಕಾದು, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ಕೂಡಲೇ ಗುಲಾಬಿ ಬಣ್ಣ ಬಂದರೆ ರಕ್ತ ಇರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ಬಂದರೆ ಅದು ಬೇರೆ ರಾಸಾಯನಿಕದ ಕೆಲಸ. ತುಂಬ ಹೊತ್ತಿನ ನಂತರ ಬಂದರೆ ಗಾಳಿಯ ಆಮ್ಲಜನಕದ್ದು, ಲೆಕ್ಕಕ್ಕಿಲ್ಲ. ಆಲೂಗಡ್ಡೆ, ಟರ್ನಿಪ್‌ನಂಥ ತರಕಾರಿಗಳಲ್ಲಿರುವ ಪೆರಾಕ್ಸಿಡೇಸ್ ಕೂಡ ಇದೇ ಬಣ್ಣ ಕೊಡಬಲ್ಲದು. ಎರಡನೆಯದು ಅದು ಮನುಷ್ಯರದ್ದೇ ಎಂದು ತಿಳಿಯುವ ಪ್ರತಿಕಾಯ ಪರೀಕ್ಷೆ. ಜಾತ್ರೆಯಲ್ಲಿ ಕುರಿ ಕಡಿದ ಮಚ್ಚಿನ ಮೇಲೂ ರಕ್ತ ಇರುತ್ತದೆ, ಆದ್ದರಿಂದ ಬಣ್ಣದ ಪರೀಕ್ಷೆ ಒಂದರಿಂದಲೇ ಏನೂ ಸಿದ್ಧವಾಗದು. ಮೂರನೆಯದು ಗುಂಪು. ಓ ಮತ್ತು ಬಿ ಗುಂಪುಗಳು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದರೆ ಸರಿಸುಮಾರು ಮೂವರಲ್ಲಿ ಒಬ್ಬರದು ಓ, ಮೂವರಲ್ಲಿ ಒಬ್ಬರದು ಬಿ. ‘ಆರೋಪಿಯ ಪಂಚೆಯ ಮೇಲೆ ಮೃತನ ಗುಂಪಿನ ರಕ್ತ’ ಎಂಬ ವಾಕ್ಯ ಕೇಳಲು ಭಾರವಾಗಿದ್ದರೂ ಹೊರುವ ಭಾರ ಅಷ್ಟಿಲ್ಲ. ಅದೂ ಆರೋಪಿಯದೇ ಗುಂಪು ಯಾವುದು ಎಂದು ಪರೀಕ್ಷಿಸದಿದ್ದರೆ ಇನ್ನೂ ಕಡಿಮೆ: ಹೊಲದ ಕೆಲಸದಲ್ಲಿ ಕೈ ಕೊಯ್ದುಕೊಂಡ ಅವನ ಸ್ವಂತ ರಕ್ತವೇ ಇರಬಹುದಲ್ಲ.

ಶವಪರೀಕ್ಷೆಗೆ ಬರೋಣ. ನಮ್ಮದು ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ. ಕೀಟನಾಶಕ ಮನೆಮನೆಯಲ್ಲೂ ಇರುತ್ತದೆ. ವಿಷದ ಸಾವು ಎಂಬ ಅನುಮಾನ ಬಂದಾಗ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ದೊಡ್ಡ ದವಾಖಾನೆಯಿಂದ ತಾಲೂಕು ಆಸ್ಪತ್ರೆಯವರೆಗೆ ಎಲ್ಲೇ ಆದರೂ ಒಳಾಂಗ ತೆಗೆಯುವ ಕ್ರಮ ಒಂದೇ: ಹೊಟ್ಟೆ ಮತ್ತು ಅದರೊಳಗಿನದು, ಸಣ್ಣ ಕರುಳಿನ ಸುಮಾರು 30 ಸೆಂಟಿಮೀಟರ್ ತುಂಡು, ಪಿತ್ತಜನಕಾಂಗ ಸುಮಾರು 500 ಗ್ರಾಂ, ಎರಡೂ ಮೂತ್ರಪಿಂಡಗಳ ಅರ್ಧರ್ಧ, ರಕ್ತ, ಮೂತ್ರ. ಹೊಟ್ಟೆ-ಕರುಳಿಗೆ ಒಂದು ಬಾಟಲಿ, ಪಿತ್ತಜನಕಾಂಗ-ಮೂತ್ರಪಿಂಡಕ್ಕೆ ಇನ್ನೊಂದು. ಕೊಳೆಯುವಾಗ ಅನಿಲ ಹುಟ್ಟಿ ಒಡೆಯದಂತೆ ಬಾಟಲಿಯನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಬೇಕು. ಸಂರಕ್ಷಕವಾಗಿ ಉಪ್ಪಿನ ಪರ್ಯಾಪ್ತ ದ್ರಾವಣ, ಅಂದರೆ ಇನ್ನು ಕರಗದಷ್ಟು ಉಪ್ಪು ಹಾಕಿದ ನೀರು. ಅದೇ ದ್ರಾವಣದ ಸ್ವಲ್ಪ ಭಾಗವನ್ನು ಬೇರೆ ಬಾಟಲಿಯಲ್ಲಿ ಕಂಟ್ರೋಲ್ ಆಗಿ ಕಳಿಸಬೇಕು. ಯಾರಾದರೂ ಫಾರ್ಮಲಿನ್ ಸುರಿದರೆ ಅಂಗಾಂಶ ಗಟ್ಟಿಯಾಗಿ ವಿಷ ಹೊರತೆಗೆಯುವುದೇ ಕಷ್ಟವಾಗುತ್ತದೆ. ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಹಾಕದಿದ್ದರೆ ಸೂಕ್ಷ್ಮಜೀವಿಗಳು ಬಾಟಲಿಯೊಳಗೇ ಆಲ್ಕೋಹಾಲ್ ತಯಾರಿಸುತ್ತವೆ, ಕುಡಿಯದವನೂ ಕುಡಿದವನಾಗುತ್ತಾನೆ. ವಾಹನ ಚಾಲಕರಿಗೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿ ಇರುವಾಗ ಈ ಎಡವಟ್ಟು ಸಣ್ಣದಲ್ಲ. ಜೀವಂತ ವ್ಯಕ್ತಿಯ ರಕ್ತ ತೆಗೆಯುವ ಮುನ್ನ ತೋಳನ್ನು ಸ್ಪಿರಿಟ್‌ನಿಂದ ಒರೆಸಿದ್ದರೂ ಅದೇ ಪ್ರಶ್ನೆ ಏಳುತ್ತದೆ.

‘ವಿಷ ಪತ್ತೆಯಾಗಿಲ್ಲ’ ಎಂಬ ವರದಿ ಬಂದರೆ ಯಾವ ಯಾವ ವಿಷಗಳಿಗೆ ಪರೀಕ್ಷೆ ಮಾಡಿದ್ದಾರೆ ಎಂಬ ಸಾಲು ಹುಡುಕಿ. ಹುಡುಕದ ವಿಷ ಸಿಗುವುದಿಲ್ಲ. ಕಾಳಿನ ಚೀಲಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಸತ್ತಿದ್ದರೆ ಅದರ ಫಾಸ್ಫೀನ್ ಅನಿಲ ಸಡಿಲ ಮುಚ್ಚಳದಿಂದ ಹಾರಿಹೋಗಿರಬಹುದು. ಮನೆಯಲ್ಲಿ ಸಿಕ್ಕ ಡಬ್ಬಿ, ವಾಂತಿ, ಆಸ್ಪತ್ರೆಯ ಹೊಟ್ಟೆ ತೊಳೆದ ನೀರನ್ನೂ ಒಳಾಂಗದ ಜೊತೆಗೆ ಕಳಿಸಿದ್ದರೆ ಲ್ಯಾಬಿಗೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಸಾವಿನ ವೇಳೆಯ ಬಗ್ಗೆ ಒಂದು ಮಾತು, ಇದು ನಮ್ಮ ಬಯಲುಸೀಮೆಗೆ ವಿಶೇಷವಾಗಿ ಬೇಕಾದದ್ದು. ದೇಹ ತಣ್ಣಗಾಗುವ ದರದಿಂದ ವೇಳೆ ಅಂದಾಜಿಸುವ ಸೂತ್ರಗಳು ತಂಪು ದೇಶಗಳಲ್ಲಿ ಹುಟ್ಟಿದವು. ಗದಗಿನ ಏಪ್ರಿಲ್ ಮಧ್ಯಾಹ್ನ ಹೊರಗಿನ ಉಷ್ಣತೆಯೇ ದೇಹದ 37 ಡಿಗ್ರಿಯನ್ನು ದಾಟುವಾಗ ಹೆಣ ತಣ್ಣಗಾಗುವುದೇ ಇಲ್ಲ. ಮೈ ಸೆಟೆಯುವುದು ಕೂಡ ಸೆಕೆಯಲ್ಲಿ ಬೇಗ ಶುರುವಾಗಿ ಬೇಗ ಇಳಿಯುತ್ತದೆ. ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ರೊಟ್ಟಿ ಇತ್ತು, ಆದ್ದರಿಂದ ಊಟವಾದ ಎರಡು ತಾಸಿಗೆ ಸಾವು ಎಂಬ ಲೆಕ್ಕವೂ ಅಲುಗಾಡುವಂಥದ್ದು, ಏಕೆಂದರೆ ಹೆದರಿಕೆ, ಪೆಟ್ಟು, ಕಾಯಿಲೆ ಜೀರ್ಣಕ್ರಿಯೆಯನ್ನು ತಾಸುಗಟ್ಟಲೆ ನಿಲ್ಲಿಸಬಲ್ಲವು. ವೈದ್ಯರು ‘6ರಿಂದ 24 ಗಂಟೆ’ ಎಂದು ಬರೆದರೆ ಅದು ಪ್ರಾಮಾಣಿಕ ಉತ್ತರ. ‘ರಾತ್ರಿ 9 ಗಂಟೆಗೆ’ ಎಂಬ ಖಚಿತ ಉತ್ತರ ಬಂದರೆ ಅದು ಪೊಲೀಸರ ಪತ್ರದಿಂದ ಬಂದಿರಬಹುದು.

ವರದೆಯಲ್ಲೋ ತುಂಗಭದ್ರೆಯಲ್ಲೋ ಸಿಕ್ಕ ಹೆಣಕ್ಕೆ ಡಯಾಟಮ್ ಪರೀಕ್ಷೆ ಮಾಡುತ್ತಾರೆ. ನೀರಿನ ಈ ಸೂಕ್ಷ್ಮ ಪಾಚಿ ಶ್ವಾಸಕೋಶದಲ್ಲಿ ಸಿಕ್ಕರೆ ಸಾಲದು, ಸತ್ತ ಮೇಲೂ ನೀರು ಅಲ್ಲಿಗೆ ನುಗ್ಗುತ್ತದೆ. ಮುಚ್ಚಿದ ಮೂಳೆಯ ಮಜ್ಜೆಯಲ್ಲಿ ಸಿಗಬೇಕು, ಮತ್ತು ಅದೇ ಮಡುವಿನ ನೀರಿನ ಜಾತಿಗಳಿಗೆ ಹೋಲಬೇಕು. ಹೆಣ ಸಿಕ್ಕ ದಿನವೇ ಆ ಜಾಗದ ನೀರು ಹಿಡಿದಿಡದಿದ್ದರೆ ಹೋಲಿಸಲು ಏನೂ ಇರುವುದಿಲ್ಲ; ಮಳೆ ಬಂದು ಹೊಳೆ ಕೆಂಪಾದ ಮೇಲೆ ತಂದ ನೀರು ಬೇರೆಯೇ ನೀರು.

ಡಿಎನ್‌ಎ ವರದಿ ಬಂತೆಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಸರಿಯಾಗಿ ತೆಗೆದ, ಒಬ್ಬರದೇ ಆದ, ಕೆಡದ ಮಾದರಿಯಲ್ಲಿ ಡಿಎನ್‌ಎಗೆ ಸಮನಾದ ವಿಧಾನ ಇನ್ನೊಂದಿಲ್ಲ, ನಿಜ. ಆದರೆ ಕೋರ್ಟಿಗೆ ಬರುವ ಎಷ್ಟೋ ಮಾದರಿಗಳಿಗೆ ಈ ಮೂರು ಗುಣಗಳಲ್ಲಿ ಒಂದಲ್ಲ ಒಂದು ಇರುವುದಿಲ್ಲ. ಸಾಮಾನ್ಯ ಕಿಟ್‌ಗಳು ಅರ್ಧದಿಂದ ಒಂದು ನ್ಯಾನೋಗ್ರಾಂ ಡಿಎನ್‌ಎಗೆ ಹೊಂದಿಸಿದವು, ಅಂದರೆ ಸುಮಾರು ಎಪ್ಪತ್ತೈದರಿಂದ ನೂರೈವತ್ತು ಕೋಶಗಳಷ್ಟು. ಅದಕ್ಕಿಂತ ತೀರ ಕಡಿಮೆಯಾದರೆ ಕೆಲವು ಗುರುತುಗಳು ಕಾಣದೆ ಹೋಗುತ್ತವೆ, ಇಲ್ಲದ ಗುರುತುಗಳು ಕಂಡಂತಾಗುತ್ತವೆ. ವರದಿಯಲ್ಲಿ ಡಿಎನ್‌ಎಯ ಎಷ್ಟು ತಾಣಗಳನ್ನು (ಗುರುತು ನೋಡುವ ಜಾಗಗಳನ್ನು) ಪರೀಕ್ಷಿಸಿದರು, ಎಷ್ಟರಲ್ಲಿ ಫಲಿತಾಂಶ ಬಂತು ಎಂಬ ಕೋಷ್ಟಕ ಇರಬೇಕು. ಇಪ್ಪತ್ತೊಂದರಲ್ಲಿ ಎಂಟು ಮಾತ್ರ ಬಂದಿದ್ದರೆ ಅದು ಭಾಗಶಃ ಪ್ರೊಫೈಲ್, ಅಂದರೆ ಅಪೂರ್ಣ ಗುರುತುಪಟ್ಟಿ. ‘ಹೊಂದಿಕೆಯಾಗುತ್ತದೆ’ ಎಂದು ಬರೆದು ಸಂಖ್ಯೆ ಕೊಡದಿದ್ದರೆ ಆ ಹೊಂದಿಕೆ ಎಷ್ಟು ಅಪರೂಪದ್ದು ಎಂಬುದೇ ತಿಳಿಯದು.

ಸಂಖ್ಯೆ ಕೊಟ್ಟಾಗಲೂ ಅದನ್ನು ತಲೆಕೆಳಗಾಗಿ ಓದುವ ತಪ್ಪು ನಡೆಯುತ್ತದೆ. ಒಂದು ಭಾಗಶಃ ಪ್ರೊಫೈಲ್ 10,000 ಜನರಲ್ಲಿ ಒಬ್ಬರಿಗೆ ಹೊಂದುತ್ತದೆ ಎಂದುಕೊಳ್ಳಿ. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ. ಅಂದರೆ ಅವಳಿ ನಗರದಲ್ಲೇ ಸುಮಾರು 94 ಜನರಿಗೆ ಆ ಪ್ರೊಫೈಲ್ ಹೊಂದಬಹುದು. ‘ಆರೋಪಿ ನಿರಪರಾಧಿ ಆಗಿರುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು’ ಎಂದು ವಾದಿಸಿದರೆ ಅದು ಪೂರ್ತಿ ಬೇರೆ ಮಾತು, ಮತ್ತು ತಪ್ಪು ಮಾತು. ಬೇರೆ ಸಾಕ್ಷ್ಯ ಬಲವಾಗಿದ್ದರೆ ಈ ಸಂಖ್ಯೆ ಅದಕ್ಕೆ ಬಲ ಕೊಡುತ್ತದೆ. ಬೇರೇನೂ ಇಲ್ಲದಿದ್ದರೆ ಅವನು 94 ಜನರಲ್ಲಿ ಒಬ್ಬ ಅಷ್ಟೇ.

ನಮ್ಮ ಕಡೆಯ ಹಳ್ಳಿಗಳಿಗೆ ಇನ್ನೊಂದು ಎಚ್ಚರ ಬೇಕು. ಈ ಸಂಖ್ಯೆಗಳು ಸಂಬಂಧವಿಲ್ಲದವರ ನಡುವಿನ ಲೆಕ್ಕ. ಒಡಹುಟ್ಟಿದವರಲ್ಲಿ ಪ್ರತಿ ತಾಣದಲ್ಲೂ ಎರಡೂ ಗುರುತು ಒಂದೇ ಇರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದ ಮನೆತನಗಳಲ್ಲಿ ಹಂಚಿಕೊಂಡ ಗುರುತುಗಳು ಇನ್ನೂ ಹೆಚ್ಚು. ಹೊಲದ ಬದುವಿನ ಜಗಳದಲ್ಲಿ ಅಣ್ಣ, ತಮ್ಮ, ದಾಯಾದಿ ಎಲ್ಲರೂ ಇದ್ದಾಗ ‘ಇವನ ತಮ್ಮನ ಮಾದರಿ ತೆಗೆದಿರಾ’ ಎಂದು ಕೇಳದೆ ಬಿಡಬಾರದು. ವೈ-ಎಸ್‌ಟಿಆರ್ ಪರೀಕ್ಷೆಯಂತೂ ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿಯುವ ಗುರುತಿನದು. ಅದು ಹೊಂದಿತೆಂದರೆ ಅಜ್ಜ, ಅಪ್ಪ, ಚಿಕ್ಕಪ್ಪ, ಅವರ ಗಂಡುಮಕ್ಕಳು, ಇಡೀ ಮನೆತನದ ಗಂಡಸರಿಗೆಲ್ಲ ಹೊಂದುತ್ತದೆ. ಲೈಂಗಿಕ ಅಪರಾಧಗಳಲ್ಲಿ ಹೆಣ್ಣಿನ ಕೋಶಗಳ ನಡುವೆ ಗಂಡಿನದನ್ನು ಹುಡುಕಲು ಇದು ಉಪಯುಕ್ತ. ವ್ಯಕ್ತಿಯನ್ನು ಗುರುತಿಸಲು ಇದೊಂದೇ ಸಾಕಾಗದು.

ಡಿಎನ್‌ಎ ಅಲ್ಲಿಗೆ ಹೇಗೆ ಬಂತು ಎಂಬುದನ್ನೂ ಪರೀಕ್ಷೆ ಹೇಳುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವನ ಉಗುರಿನಲ್ಲಿ ಸಿಕ್ಕ ಡಿಎನ್‌ಎ, ಆ ರಾತ್ರಿ ಕುಡಿದು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದ ಮನುಷ್ಯನದಾಗಿತ್ತು. ಅವನನ್ನು ಸಾಗಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ತಾಸಿನ ನಂತರ ಕೊಲೆಯ ಸ್ಥಳಕ್ಕೆ ಹೋಗಿದ್ದರು. ಅವನು ತಿಂಗಳುಗಟ್ಟಲೆ ಜೈಲಿನಲ್ಲಿದ್ದ.

ಬೆರಳಚ್ಚು, ಗುಂಡು, ಕೈಬರಹ ಇವು ತಜ್ಞರ ಕಣ್ಣಿನ ಹೋಲಿಕೆಯ ಮೇಲೆ ನಿಂತವು. ಬೆರಳಚ್ಚಿನ ಜಗತ್ತಿನ ಮೊದಲ ಬ್ಯೂರೋ 1897ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು; ಅಝೀಝುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಲ್ಲಿ ವರ್ಗೀಕರಣ ಕಟ್ಟಿದರು. ಇಷ್ಟು ಹಳೆಯ ವಿದ್ಯೆಯಲ್ಲೂ 2004ರ ಮ್ಯಾಡ್ರಿಡ್ ಸ್ಫೋಟದ ಕೇಸಿನಲ್ಲಿ ಎಫ್‌ಬಿಐ ಅಮೆರಿಕದ ವಕೀಲರೊಬ್ಬರ ಬೆರಳೇ ಎಂದು ತಪ್ಪಾಗಿ ಹೇಳಿತು. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಐವರು ತಜ್ಞರಿಗೆ ಅವರೇ ಹಿಂದೆ ಹೊಂದಿಕೆ ಎಂದಿದ್ದ ಜೋಡಿಯನ್ನು, ಇದು ಆ ಮ್ಯಾಡ್ರಿಡ್ ತಪ್ಪಿನ ಜೋಡಿ ಎಂದು ಹೇಳಿ ಕೊಟ್ಟರು. ನಾಲ್ವರು ತಮ್ಮ ಹಳೆಯ ಉತ್ತರ ಬಿಟ್ಟುಕೊಟ್ಟರು. ಕೈಬರಹದ ವಿದ್ಯೆ ಬೆರಳಚ್ಚಿನಷ್ಟು ಪರಿಪೂರ್ಣವಲ್ಲ, ಎಚ್ಚರದಿಂದ ತೂಗಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ ಮುರಾರಿಲಾಲ್ ಪ್ರಕರಣದಲ್ಲಿ 1979ರಲ್ಲೇ ಹೇಳಿದೆ. ಕೈಯ ಮೇಲಿನ ಗುಂಡಿನ ಮಸಿಯಂತೂ ಕೆಲವೇ ತಾಸುಗಳಲ್ಲಿ ಉದುರಿಹೋಗುತ್ತದೆ, ಪೊಲೀಸರ ಕೈಯಿಂದ ಆರೋಪಿಯ ಕೈಗೆ ಹತ್ತುವುದೂ ಉಂಟು.

ಆ ಪ್ರಯೋಗದ ಪಾಠ ನಮ್ಮ ಠಾಣೆಗಳ ಬರವಣಿಗೆಗೆ ನೇರವಾಗಿ ತಾಕುತ್ತದೆ. ಲ್ಯಾಬಿಗೆ ಕಳಿಸುವ ಕೋರಿಕೆ ಪತ್ರದಲ್ಲಿ ಇಡೀ ಕಥೆ ಬರೆದು, ‘ಆರೋಪಿಯು ತಪ್ಪೊಪ್ಪಿಕೊಂಡಿದ್ದು, ಅವನು ತೋರಿಸಿದ ಜಾಗದಿಂದ ಈ ಆಯುಧ ಜಪ್ತಿ ಮಾಡಿದ್ದು’ ಎಂದು ಸೇರಿಸುವ ರೂಢಿ ಇದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂದು ಸಾಕ್ಷ್ಯ ಕಾನೂನು ಬಾಗಿಲು ಹಾಕಿದೆ. ಅದೇ ತಪ್ಪೊಪ್ಪಿಗೆ ಲ್ಯಾಬಿನ ಬಾಗಿಲಿನಿಂದ ಒಳಗೆ ಹೋಗಿ, ತಜ್ಞರ ಕಣ್ಣಿನ ಮೇಲೆ ಕೆಲಸ ಮಾಡಿ, ‘ಅಭಿಪ್ರಾಯ’ವಾಗಿ ಕೋರ್ಟಿಗೆ ಬರಬಹುದು. ಪತ್ರದಲ್ಲಿ ವಸ್ತುವಿನ ವಿವರ ಮತ್ತು ಪ್ರಶ್ನೆ ಇದ್ದರೆ ಸಾಕು: ಇದು ರಕ್ತವೇ, ಮಾನವರದೇ, ವಸ್ತು 9ರ ಮಾದರಿಗೆ ಹೊಂದುತ್ತದೆಯೇ. ಆ ಕೋರಿಕೆ ಪತ್ರದ ಪ್ರತಿ ಪಡೆದು ಓದದೆ ತಜ್ಞರನ್ನು ಪಾಟೀ ಸವಾಲು ಮಾಡಬಾರದು.

ಸಿಸಿಟಿವಿ ಬಗ್ಗೆ ಎರಡೇ ಮಾತು. ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯ ಡಿವಿಆರ್ (ಕ್ಯಾಮೆರಾ ದೃಶ್ಯ ಉಳಿಸುವ ಯಂತ್ರ) ತುಂಬಿದ ಮೇಲೆ ಹಳೆಯದನ್ನು ತಾನೇ ಅಳಿಸಿಕೊಳ್ಳುತ್ತದೆ, ಆದ್ದರಿಂದ ತಡ ಮಾಡುವಂತಿಲ್ಲ. ಜಪ್ತಿ ಮಾಡುವಾಗ ಡಿವಿಆರ್‌ನ ಗಡಿಯಾರ ಎಷ್ಟು ತೋರಿಸುತ್ತಿತ್ತು, ನಿಜವಾದ ವೇಳೆ ಎಷ್ಟಿತ್ತು ಎಂದು ಪಂಚನಾಮೆಯಲ್ಲಿ ಬರೆಯಬೇಕು, ಹ್ಯಾಶ್ ಮೌಲ್ಯವನ್ನು (ಕಡತ ಬದಲಾದರೆ ತಾನೂ ಬದಲಾಗುವ ಅದರ ಗುರುತು ಸಂಖ್ಯೆಯನ್ನು) ಅಲ್ಲೇ ದಾಖಲಿಸಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಹ್ಯಾಶ್‌ಗೆ ಜಾಗವೇ ಇದೆ. ಅದರ ಮೊದಲ ಭಾಗಕ್ಕೆ ಸಾಧನದ ಉಸ್ತುವಾರಿ ಇರುವವರು, ಎರಡನೆಯದಕ್ಕೆ ತಜ್ಞರು ಸಹಿ ಮಾಡಬೇಕು.

ಈಗ ಕೋರ್ಟು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 329, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293, ಕೆಲವು ಸರ್ಕಾರಿ ತಜ್ಞರ ವರದಿಯನ್ನು ಅವರು ಬಾರದೆಯೇ ಸಾಕ್ಷ್ಯವಾಗಿ ಗುರುತಿಸಲು ಬಿಡುತ್ತದೆ. ಎಫ್‌ಎಸ್‌ಎಲ್‌ನಲ್ಲಿ ಈ ಸೌಲಭ್ಯ ನಿರ್ದೇಶಕ, ಉಪನಿರ್ದೇಶಕ, ಸಹಾಯಕ ನಿರ್ದೇಶಕರಿಗೆ ಇದೆ. ಅವರಿಗಿಂತ ಕೆಳಗಿನ ವೈಜ್ಞಾನಿಕ ಅಧಿಕಾರಿ ಮಾತ್ರ ಸಹಿ ಮಾಡಿದ್ದು, ಅವರ ಹುದ್ದೆ ಸರ್ಕಾರದ ಅಧಿಸೂಚನೆಯಲ್ಲಿ ಇಲ್ಲದಿದ್ದರೆ, ಅವರು ಬಂದು ಸಾಕ್ಷಿ ನುಡಿಯಬೇಕು. ಮೊದಲು ಸಹಿಯ ಕೆಳಗಿನ ಹುದ್ದೆ ಓದಿ. ಕರೆಸಿದರೂ ನಿರ್ದೇಶಕರು ತಮ್ಮ ಬದಲು ಕೇಸಿನ ಸಂಗತಿ ಬಲ್ಲ ಬೇರೆ ಅಧಿಕಾರಿಯನ್ನು ಕಳಿಸಬಹುದು, ಆದ್ದರಿಂದ ಕಟಕಟೆಯಲ್ಲಿ ನಿಂತವರಿಗೆ ಮೊದಲ ಪ್ರಶ್ನೆ ‘ಪರೀಕ್ಷೆ ನಡೆಸಿದವರು ನೀವೇನಾ’ ಎಂದೇ ಇರಬೇಕು. ವರದಿ ಒಪ್ಪಿಗೆ ಎಂದು ಆರೋಪಿಯ ಪರವಾಗಿ ಮೆಮೊ ಹಾಕುವುದು ನಮ್ಮ ಕೋರ್ಟುಗಳಲ್ಲಿ ವೇಳೆ ಉಳಿಸುವ ದಾರಿಯಾಗಿಬಿಟ್ಟಿದೆ. ಡಿಎನ್‌ಎ ಇರುವ ಕೇಸಿನಲ್ಲಿ ಹಾಗೆ ಮಾಡುವುದು ಕಕ್ಷಿದಾರರಿಗೆ ಮಾಡುವ ಅನ್ಯಾಯ.

ಅಭಿಪ್ರಾಯ ಪ್ರಸ್ತುತವಾದಾಗ ಅದರ ಕಾರಣಗಳೂ ಪ್ರಸ್ತುತ ಎಂದು ಸಾಕ್ಷ್ಯ ಕಾನೂನು 1872ರಿಂದಲೂ ಹೇಳುತ್ತ ಬಂದಿದೆ. ಆದ್ದರಿಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ಅರ್ಜಿ ಹಾಕಿ ಈ ಕಾಗದಗಳನ್ನು ತರಿಸಿಕೊಳ್ಳಬಹುದು: ಪರೀಕ್ಷಕರ ವರ್ಕ್‌ಶೀಟ್, ಡಿಎನ್‌ಎ ಆದರೆ ಎಲೆಕ್ಟ್ರೋಫೆರೋಗ್ರಾಂ ಗ್ರಾಫುಗಳು, ಡಿಎನ್‌ಎ ಪ್ರಮಾಣ ಅಳೆದ ಹಾಳೆ, ನೆಗೆಟಿವ್ (ಡಿಎನ್‌ಎ ಹಾಕದ) ಮತ್ತು ಪಾಸಿಟಿವ್ (ಗೊತ್ತಿರುವ ಡಿಎನ್‌ಎ ಹಾಕಿದ) ಕಂಟ್ರೋಲ್‌ಗಳ ಫಲಿತಾಂಶ, ಲ್ಯಾಬ್ ಸಿಬ್ಬಂದಿಯ ಪ್ರೊಫೈಲಿನ ಜೊತೆ ಹೋಲಿಸಿದ ದಾಖಲೆ, ಕಿಟ್‌ನ ಹೆಸರು ಮತ್ತು ಅವಧಿ, ಆ ವಿಭಾಗಕ್ಕೆ ಐಎಸ್‌ಒ 17025ರ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಅದರ ವ್ಯಾಪ್ತಿಪಟ್ಟಿ. ನೆಗೆಟಿವ್ ಕಂಟ್ರೋಲಿನಲ್ಲಿ ಗೆರೆ ಎದ್ದಿದ್ದರೆ ಅಂದು ಅದರ ಜೊತೆ ನಡೆಸಿದ ಇಡೀ ಪರೀಕ್ಷೆಯೇ ಅನುಮಾನಕ್ಕೆ ಒಳಗಾಗುತ್ತದೆ, ಮತ್ತು ಅದು ಮೂರ್ನಾಲ್ಕು ಹಾಳೆಯ ವರದಿಯಲ್ಲಿ ಎಂದೂ ಕಾಣಿಸುವುದಿಲ್ಲ. ಸರ್ಕಾರಿ ಅಭಿಯೋಜಕರೂ ಇದೇ ಕಾಗದಗಳನ್ನು ಮೊದಲೇ ತರಿಸಿ ನೋಡಿದರೆ, ಮೇಲ್ಮನವಿಯಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಶಿಕ್ಷೆ ಬಿದ್ದುಹೋಗುವ ಅಪಾಯ ಕಡಿಮೆಯಾಗುತ್ತದೆ.

ಈ ಅರ್ಜಿಯನ್ನು ತಜ್ಞರ ಮುಖ್ಯ ವಿಚಾರಣೆಗೆ ಮೊದಲೇ ಹಾಕಬೇಕು. ಕಾಗದ ಬಂದ ಮೇಲೆ ಓದಲು ಜೀವರಸಾಯನ ಅಥವಾ ತಳಿವಿಜ್ಞಾನ ಬಲ್ಲವರ ನೆರವು ಬೇಕಾಗುತ್ತದೆ, ಅದಕ್ಕೆ ವೇಳೆ ಕೇಳಿಕೊಳ್ಳಬೇಕು. ವಕೀಲರನ್ನು ಇಟ್ಟುಕೊಳ್ಳಲು ರೊಕ್ಕವಿಲ್ಲದ ಆರೋಪಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ನೇಮಕವಾದ ವಕೀಲರೂ ಇದೇ ಅರ್ಜಿ ಹಾಕಬಹುದು, ಅದಕ್ಕೆ ಬೇರೆ ಅನುಮತಿ ಬೇಕಿಲ್ಲ. ತಜ್ಞರ ಸಾಕ್ಷ್ಯ ಮುಗಿದ ಮೇಲೆ ದೋಷ ಗೊತ್ತಾದರೆ ಅದೇ ಸಂಹಿತೆಯ ಕಲಂ 348ರಡಿ ಅವರನ್ನು ಮತ್ತೆ ಕರೆಸಲು ಕೇಳಬಹುದು. ಆದರೆ ವಾದದ ಹಂತದಲ್ಲಿ ಹಾಕಿದ ಅಂಥ ಅರ್ಜಿಯನ್ನು ಕೇಸು ಎಳೆಯುವ ಉಪಾಯ ಎಂದು ತಳ್ಳಿಹಾಕುವ ಸಂಭವ ಹೆಚ್ಚು. ವರದಿಯ ಪ್ರತಿ ದೋಷಾರೋಪ ಪಟ್ಟಿಯ ಜೊತೆ ಕೈಗೆ ಸಿಕ್ಕ ವಾರದಲ್ಲೇ ತಾರೀಖುಗಳ ಹಾಳೆಯನ್ನು ಬರೆದು ಮುಗಿಸಿದರೆ, ಯಾವ ಕಾಗದ ಕಾಣೆಯಾಗಿದೆ ಎಂಬುದು ಆಗಲೇ ತಿಳಿಯುತ್ತದೆ.